ಪಥ್ಯ ಮುರಿದ ಮೇಲಿನ ಮಾತ್ರೆ

ನನ್ನ ಅತ್ತೆ ಗೋಮತಿ ಗಂಗೊಳ್ಳಿಯಿಂದ ಮೀನು ತಂದು ತಲ್ಲೂರಿನ ಹೆದ್ದಾರಿ ಬದಿಯಲ್ಲಿ ಮಾರುತ್ತಾರೆ. ಬಂಗಡೆ ಹಳತೋ ಎಂದು ಮೂಸಿ ನೋಡುವವರಿಗೆ "ನಿನ್ನಿ ಮೀನ್ ಬೇಕಾರೆ ನಾಳೆ ಬನ್ನಿ" ಅನ್ನುವ ಬಾಯಿ ಅವರದು. ಆ ಬಾಯಿ ಊಟದ ಮುಂದೆ ಮಾತ್ರ ಮುಚ್ಚಿಕೊಳ್ಳತೊಡಗಿತು. ಅದು 2011ರಲ್ಲಿ, ದೊಡ್ಡ ಕರುಳಿನಲ್ಲಿ ಹುಣ್ಣಿದೆ ಎಂದು ಗೊತ್ತಾದ ಮೇಲೆ.

ಉಡುಪಿಯ ಡಾಕ್ಟರು ಮಾತ್ರೆ ಬರೆದುಕೊಟ್ಟು, ರಕ್ತ ಹೋಗುವಷ್ಟು ದಿನ ಖಾರ, ನಾರು ಕಡಿಮೆ ಮಾಡಿ, ಕುಚ್ಚಲಕ್ಕಿ ಬಿಟ್ಟು ಮೆತ್ತಗಿನ ಬೆಳ್ತಿಗೆ ಅನ್ನ ಕೊಡಿ ಎಂದಿದ್ದರು. ನಾನು ಅದನ್ನು ದೊಡ್ಡ ಪಥ್ಯವನ್ನೇ ಮಾಡಿಬಿಟ್ಟೆ. ಮೀನು ಬಂದ್, ಮೆಣಸು ಬಂದ್. ಮಗ ಅಕ್ಷಯ್ ಹುಟ್ಟಿದಾಗ ನನ್ನ ಬಾಣಂತಿ ಪಥ್ಯ ಕಾದವರು ಅವರೇ; ಒಂದು ಹೋಳು ಸೌತೆಕಾಯಿಯನ್ನೂ ಮುಟ್ಟಲು ಬಿಟ್ಟಿರಲಿಲ್ಲ. ಈಗ ಕಾಯುವ ಸರದಿ ನನ್ನದು ಎಂಬ ಸಣ್ಣ ಖುಷಿ ಇರಲೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅವರ ಹೊಟ್ಟೆ ಕಿವುಚಿದಾಗೆಲ್ಲ ನಾನು ಕೇಳುತ್ತಿದ್ದದ್ದು ಒಂದೇ: "ಅತ್ತೆ, ಎಂತ ತಿಂದ್ರಿ?"

ರಕ್ತ ನಿಂತಿತು, ಬುಟ್ಟಿ ಮತ್ತೆ ತಲೆಗೇರಿತು. ಆದರೆ ದೀಪಾವಳಿ ಹೊತ್ತಿಗೆ ಮತ್ತೆ ಶುರು, ಮೊದಲಿಗಿಂತ ಜೋರು. ಗಂಜಿಯ ತಿಳಿ ಬಿಟ್ಟು ಬೇರೇನೂ ಬೇಡ ಎಂದರು. ರವಿಕೆ ಭುಜದಿಂದ ಜಾರುವಷ್ಟು ಇಳಿದರು. ಹೀಗೇ ಆದರೆ ಉಳಿಯುತ್ತಾರೋ ಇಲ್ಲವೋ ಎಂದು ಹೆದರಿ, ಮಗುವನ್ನು ನೆರೆಮನೆಯ ಪ್ರಭಾವತಿಯ ಹತ್ತಿರ ಬಿಟ್ಟು ಅವರನ್ನು ಉಡುಪಿಗೆ ಕರೆದುಕೊಂಡು ಹೋದೆ.

ಮಾತ್ರೆ ಸರಿಯಾಗಿ ನುಂಗುತ್ತಿದ್ದಾರಾ ಎಂದು ಡಾಕ್ಟರು ಕೇಳಿದರು. ಹೌದು ಎಂದು ನಾನೇ ಉತ್ತರ ಕೊಟ್ಟೆ. ಅತ್ತೆ ನೆಲ ನೋಡುತ್ತಿದ್ದರು.

"ಇಲ್ಲೆ. ನಾನ್ ಪಥ್ಯ ಮುರ್ದಿದೆ."

ಗುಲ್ವಾಡಿಯ ಗಿರಾಕಿಯೊಬ್ಬರ ಮನೆಗೆ ಮೀನು ಕೊಡಲು ಹೋದಾಗ, ಹಸಿವು ತಡೆಯಲಾಗದೆ ಒಣಸಿಗಡಿ ಚಟ್ನಿ ನಂಜಿಕೊಂಡು ಗಂಜಿ ಉಂಡಿದ್ದರಂತೆ. ಹೊಟ್ಟೆಗೆ ಏನೂ ಆಗಿರಲಿಲ್ಲ. ಆದರೆ ಅಂದಿನಿಂದ ಮಾತ್ರೆ ಬಿಟ್ಟಿದ್ದರು. ಹಿಂದೆ ಕಾಮಾಲೆಗೆ ಕೆರಾಡಿಯಲ್ಲಿ ನಾಟಿ ಮದ್ದು ಕುಡಿದಾಗ ಕೇಳಿದ ಮಾತನ್ನು ಇದಕ್ಕೂ ಹಿಡಿದುಕೊಂಡಿದ್ದರು.

"ಪಥ್ಯ ಮುರ್ದ್ ಮೇಲೆ ಮದ್ದ್ ತಿಂಬುಕಾಗ ಅಲ್ದಾ? ವಿಷ ಆತ್ತ್. ಸೊಸಿ ದಿವ್ಯನತ್ರ ಹೇಳ್ರೆ ಬೈತ್ತ್ ಅಂದೇಳಿ ಸುಮ್ನಾದೆ."

ಮಾತ್ರೆ ತೆಗೆದುಕೊಳ್ಳುವುದನ್ನು ಅವರಿಗೇ ಬಿಟ್ಟಿದ್ದೆ. ನಾನು ಕಾದದ್ದು ತಟ್ಟೆಯನ್ನು ಮಾತ್ರ.

ಡಾಕ್ಟರು ಬೈಯಲಿಲ್ಲ. ಕಾಯಿಲೆ ಮರಳಿದ್ದು ಚಟ್ನಿಯಿಂದಲ್ಲ, ಮಾತ್ರೆ ಬಿಟ್ಟದ್ದರಿಂದಲೇ ಇರಬೇಕು ಎಂದರು. ಕರುಳು ಉರಿಯುವಾಗ ಖಾರ, ನಾರು ನೋವು, ಭೇದಿ ಹೆಚ್ಚಿಸಬಹುದು. ಅದೂ ಎಲ್ಲರಿಗೂ ಒಂದೇ ಥರ ಅಲ್ಲ. ಹುಷಾರಾದ ಮೇಲೂ ಮಾತ್ರೆ ಬೇಕು. ಖಾರ ಹಾಕದೆ ಬೇಯಿಸಿದ ಮೀನು ಈಗಲೂ ತಿನ್ನಬಹುದು, ತಿನ್ನದಿದ್ದರೆ ಮೈ ಕೂಡುವುದಿಲ್ಲ. ಇಷ್ಟು ಹೇಳಿ, ಮೀನು ನಿಲ್ಲಿಸಲು ಹೇಳಿದ್ದು ಯಾರು ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಯಾರೂ ಹೇಳ್ಲಿಲ್ಲೆ. ನಾನೇ ಬಿಟ್ಟದ್ದ್" ಎಂದರು.

ನಾನು ಮಾತ್ರೆಯ ಚೀಟಿ ತೆಗೆದುಕೊಂಡು ಎದ್ದೆ. ಬಸ್ಸಿನಲ್ಲೂ ಆ ಮಾತು ಎತ್ತಲಿಲ್ಲ.

ಮರುದಿನ ಅರಿಶಿನ, ಉಪ್ಪು ಹಾಕಿ ಮೀನು ಬೇಯಿಸಿ, ಮುಳ್ಳು ಬಿಡಿಸಿ ಬಡಿಸಿದೆ. ಮೂವತ್ತು ವರ್ಷ ಮೀನು ಮಾರಿದ ಹೆಂಗಸು ತುತ್ತು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು.

"ತಿಂತೆ, ಅಡ್ಡಿಲ್ಯಾ?"

ತಿನ್ನಿ ಅಂದೆ. ಈಗ ಮಾತ್ರೆಯನ್ನು ನಾನೇ ಅವರ ಕೈಗೆ ಕೊಡುತ್ತೇನೆ. ಎಂತ ತಿಂದ್ರಿ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಆದರೂ ತುತ್ತು ಎತ್ತುವ ಮೊದಲು ಅವರು ನನ್ನ ಕಡೆ ನೋಡುವುದು ಇನ್ನೂ ನಿಂತಿಲ್ಲ.