ಸೋಮವಾರದ ಬೆಳ್ಳಿ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಆ ದಿನ ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು, ಹೂಡುವವನಿಗೂ ಬಿಡುವು. ನಾನು ಬೆಳ್ಳಿ ಕೆಲಸ ಕಲಿತದ್ದು ಈ ಸೋಮವಾರಗಳಲ್ಲಿ.

ನಮ್ಮ ಊರು ಬುಕ್ಕಾಂಬುಧಿ. ಕೆರೆ ಏರಿ ಹಿಡಿದು ನಡೆದರೆ ಹೊತ್ತೇರುವುದರೊಳಗೆ ಅಜ್ಜಂಪುರ ಸೇರಬಹುದು. ಕಾರ್ತಿಕದ ಒಂದು ಸೋಮವಾರ ಅವ್ವನ ಉಡಿದಾರದ ಕೊಂಡಿ ಕಿತ್ತುಹೋಗಿದ್ದಕ್ಕೆ ಅದನ್ನು ತೆಗೆದುಕೊಂಡು ಅಲ್ಲಿನ ಅಕ್ಕಸಾಲಿಗರ ಮನೆಗೆ ಹೋದೆ. ಅವರು ವಯಸ್ಸಾದವರು. ನೆಗಡಿ ಹಿಡಿದು ಎದೆ ಕಟ್ಟಿತ್ತು. ಎರಡು ಸಲ ಬೆಂಕಿ ಊದಿ ಕೆಮ್ಮಿದರು, ಮೂರನೆಯ ಸಲ ಊದುಕೊಳವೆಯನ್ನು ನನ್ನ ಕಡೆ ಚಾಚಿದರು.

‘ಸುಮ್ನೆ ಕೂತಿದೀರಲ್ಲ ಗೌಡ್ರೇ, ಊದಿ.’

ಊದಿದೆ. ಬೂದಿ ಎದ್ದು ಅವರ ಮೀಸೆಯ ಮೇಲೆ ಕೂತಿತು. ಅವರು ಮೀಸೆ ಒರೆಸಿಕೊಂಡು, ಉಸಿರು ಮೂಗಿನಿಂದ ಒಳಗೆ ಹೋಗಬೇಕು, ಗಾಳಿ ಕೆನ್ನೆಯಿಂದ ಹೊರಗೆ ಬರಬೇಕು, ಎರಡೂ ಒಟ್ಟಿಗೆ ನಡೆಯಬೇಕು ಎಂದರು. ಅದು ಸಾಧ್ಯವೆಂದು ನನಗೆ ಅನ್ನಿಸಲಿಲ್ಲ. ಮನೆಗೆ ಬಂದು ಪರಂಗಿ ಎಲೆಯ ದಂಟನ್ನು ಕತ್ತರಿಸಿ, ಚೊಂಬಿನ ನೀರಿನಲ್ಲಿ ಅದ್ದಿ, ಗುಳ್ಳೆ ನಿಲ್ಲದ ಹಾಗೆ ಊದುವುದನ್ನು ಅಭ್ಯಾಸ ಮಾಡಿದೆ. ನಮ್ಮ ಎಮ್ಮೆ ಇದಕ್ಕಿಂತ ನಾಜೂಕಾಗಿ ನೀರು ಕುಡಿಯುತ್ತದೆ ಎಂದು ನನ್ನ ಹೆಂಡತಿ ಅಕ್ಕಪಕ್ಕದವರಿಗೆಲ್ಲ ಹೇಳಿದಳು. ಆರನೆಯ ದಿನ ಗುಳ್ಳೆ ನಿಲ್ಲಲಿಲ್ಲ. ಮುಂದಿನ ಸೋಮವಾರ ಕೆಲಸವಿಲ್ಲದಿದ್ದರೂ ಅಜ್ಜಂಪುರಕ್ಕೆ ಹೋದೆ.

ಆ ಹೊತ್ತಿಗೆ ಹೆಂಡತಿಗೆ ಮೂರು ತಿಂಗಳು. ಅವಳ ತವರು ಚೌಳಹಿರಿಯೂರು. ಅವಳನ್ನು ಸಾಕಿದ ಅಜ್ಜಿ ಸಾಯುವಾಗ ತನ್ನ ಒಂಟಿ ಕಾಲಕಡಗವನ್ನು ಇವಳಿಗೆ ಕೊಟ್ಟಿದ್ದಳು. ಜೋಡಿಯ ಇನ್ನೊಂದು ಯಾವಾಗಲೋ ಕೆರೆಯಲ್ಲಿ ಬಿದ್ದುಹೋಗಿತ್ತು. ಒಂಟಿ ಕಡಗವನ್ನು ತೊಡುವ ಹಾಗಿಲ್ಲ, ಮಾರುವುದಕ್ಕೆ ಅವಳಿಗೆ ಮನಸ್ಸಿಲ್ಲ. ಸೀಮಂತದ ದಿನ ಅದೇ ಬೆಳ್ಳಿಯ ಕಾಲುಂಗುರ ತೊಡಬೇಕೆಂಬುದು ಅವಳ ಆಸೆ. ನಾನು ಮಾಡಿಕೊಡುತ್ತೇನೆ ಎಂದೆ. ಆಗ ನನಗೆ ಬರುತ್ತಿದ್ದದ್ದು ಊದುವುದೊಂದೇ.

ಈ ಮಾತು ಅವಳ ತಮ್ಮನ ಕಿವಿಗೆ ಬಿತ್ತು. ಬಾಮೈದ ನನಗಿಂತ ಎರಡು ವರ್ಷ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಅವನೂ ಅಜ್ಜಿಯ ಮೊಮ್ಮಗನೇ ಆದ್ದರಿಂದ ಕಡಗ ಕರಗಿಸುವ ದಿನ ಬಂದು ಕೂತ. ಕರಗಿಸುವಾಗ ಬೆಳ್ಳಿಯ ಕಡೆಯವರು ಎದುರಿಗೆ ಇರಬೇಕೆಂಬುದು ಅಕ್ಕಸಾಲಿಗರದೇ ಪದ್ಧತಿ. ಆಮೇಲೆ ಮಾತು ಬರಬಾರದು.

‘ಎತ್ತಿಗೆ ಮೂಗುದಾರ ಹಾಕಿದಂಗಲ್ಲ ಭಾವ ಇದು,’ ಎಂದ.

ಕಡಗ ನೋಡುವುದಕ್ಕೆ ಹೆಬ್ಬೆರಳಿನಷ್ಟು ದಪ್ಪವಿತ್ತು. ಬೆಂಕಿಗೆ ಹಿಡಿದ ತಕ್ಷಣ ಬಿರುಕಿನಿಂದ ಕಪ್ಪಗೆ ಏನೋ ಸುರಿಯಿತು, ಹೊಗೆ ಎದ್ದಿತು. ಒಳಗೆಲ್ಲ ಅರಗು ತುಂಬಿತ್ತು. ಹೊರಗಿನ ಬೆಳ್ಳಿ ತೆಳ್ಳಗಿನ ತಗಡು ಅಷ್ಟೆ. ಬಾಮೈದ ಬಗ್ಗಿ ನೋಡಿದ.

‘ನಮ್ಮಜ್ಜಿ ಇಷ್ಟು ವರ್ಷ ಅರಗು ಹೊತ್ಕಂಡು ಓಡಾಡಿದ್ಲೇನ್ರೀ ಆಚಾರ್ರೇ?’

‘ಎಲ್ಲರ ಅಜ್ಜೀರೂ ಅಷ್ಟೇ ಕಣಪ್ಪ,’ ಎಂದರು ಅವರು.

ಬೆಳ್ಳಿ ನಾಲ್ಕು ಕಾಲುಂಗುರಕ್ಕೆ ಸರಿಯಾಗಿ ಸಾಕಾಗುವಷ್ಟಿತ್ತು. ಕೆಡಿಸಿ ಕಲಿಯುವುದಕ್ಕೆ ಒಂದು ಚೂರೂ ಮಿಕ್ಕಿರಲಿಲ್ಲ. ಬೀದಿಗೆ ಬಂದ ಮೇಲೆ ಬಾಮೈದ ತನ್ನ ತೀರ್ಮಾನ ಹೇಳಿದ. ಅವನು ತರೀಕೆರೆಯಿಂದ ಹೊಸ ಕಾಲುಂಗುರ ತಂದಿಟ್ಟುಕೊಂಡಿರುತ್ತಾನೆ. ಸೀಮಂತದ ಹೊತ್ತಿಗೆ ನನ್ನವು ಸಿದ್ಧವಿಲ್ಲದಿದ್ದರೆ ಅಕ್ಕ ಅವನ್ನು ತೊಡಬೇಕು, ಅಜ್ಜಿಯ ಬೆಳ್ಳಿ ಎಂಥ ರೂಪದಲ್ಲಿದ್ದರೂ ಚೌಳಹಿರಿಯೂರಿಗೆ ವಾಪಸು ಹೋಗಬೇಕು. ಸಂಜೆ ಇದನ್ನು ಹೆಂಡತಿಗೆ ಹೇಳಿದೆ. ಅವಳು ಬೇಡವೆನ್ನಲಿಲ್ಲ. ಕಾಲ್ಬೆರಳಿಗೆ ನೂಲು ಸುತ್ತಿ, ಗಂಟು ಹಾಕಿ, ಅಳತೆ ಕೊಟ್ಟಳು.

ಮುಂದಿನ ಸೋಮವಾರಗಳಲ್ಲಿ ಕಲಿತದ್ದು ಇಷ್ಟು. ಮೂಸೆಯಲ್ಲಿ ಬೆಳ್ಳಿ ಕರಗುವಾಗ ಚಿಟಿಕೆ ಬಿಳಿಗಾರ ಹಾಕಿದರೆ ಕಸ ಪಕ್ಕಕ್ಕೆ ಸರಿದು ನಡುವೆ ಕನ್ನಡಿಯಂತೆ ಹೊಳೆಯುತ್ತದೆ. ಅಚ್ಚಿಗೆ ಎಣ್ಣೆ ಸವರಿ ಸುರಿದರೆ ಬೆರಳುದ್ದದ ಗಟ್ಟಿಯಾಗುತ್ತದೆ. ಅದನ್ನು ಬಡಿದು ಉದ್ದ ಮಾಡಬೇಕು. ನಾನು ನೇಗಿಲ ಗುಳ ಬಡಿಯುವವನ ಹಾಗೆ ಬಡಿದೆ, ತುದಿ ಸೀಳಿತು. ಬೆಳ್ಳಿ ಬಡಿದಷ್ಟೂ ಹಟ ಹಿಡಿಯುತ್ತದೆ, ಆಗಾಗ ಕೆಂಪಗೆ ಕಾಯಿಸಿ ಸಮಾಧಾನ ಮಾಡಬೇಕು ಎಂದು ಅಕ್ಕಸಾಲಿಗರು ಹೇಳಿದರು. ಸೀಳಿದ್ದನ್ನು ಮತ್ತೆ ಕರಗಿಸಿದೆವು. ಆಮೇಲೆ ಸಾಲಾಗಿ ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ ದೊಡ್ಡ ತೂತಿನಿಂದ ಚಿಕ್ಕದಕ್ಕೆ ಒಂದೊಂದಾಗಿ ತೂರಿಸಿ ಎಳೆದು ತಂತಿ ಮಾಡುವುದು. ಈ ಒಂದು ಕೆಲಸದಲ್ಲಿ ಉಳುವವನ ತೋಳು ಉಪಯೋಗಕ್ಕೆ ಬಂತು. ಅವರು ಮೆಚ್ಚಿ ವೀಳ್ಯದೆಲೆ ಕೊಟ್ಟರು.

ಕಷ್ಟವಿದ್ದದ್ದು ಬೆಸುಗೆಯಲ್ಲಿ. ತಂತಿಯನ್ನು ಸುತ್ತಿ, ಎರಡು ತುದಿ ಕೂಡುವಲ್ಲಿ ಬಿಳಿಗಾರ ಸವರಿ, ಎಳ್ಳುಕಾಳಿನಷ್ಟು ಬೆಸುಗೆಯ ಲೋಹ ಇಟ್ಟು ಊದಬೇಕು. ಉಂಗುರ ಕರಗುವುದಕ್ಕೂ ಬೆಸುಗೆ ಕರಗುವುದಕ್ಕೂ ನಡುವೆ ಇರುವ ಸಮಯ ಎರಡು ಉಸಿರಿನಷ್ಟು. ಅದಕ್ಕಾಗಿ ಅವರು ಕಾವು ಕಡಿಮೆ ಇರುವ ಮೆತ್ತನೆಯ ಮರದ ಇದ್ದಿಲನ್ನೇ ಇಟ್ಟುಕೊಂಡಿದ್ದರು. ಒಂದು ಉಂಗುರಕ್ಕೆ ಎರಡು ಸೋಮವಾರ ಹಿಡಿಯಿತು. ಹಾಗೆ ಮೂರು ಉಂಗುರ ಮುಗಿದವು. ಹುಣಸೆಹಣ್ಣಿನ ನೀರಿನಲ್ಲಿ ಕುದಿಸಿ ತೆಗೆದಾಗ ಬೆಳ್ಳಗೆ ಹಾಲಿನಂತಿದ್ದವು. ನಾಲ್ಕನೆಯದು ಸುತ್ತಿ ಸಿದ್ಧವಾಗಿತ್ತು, ಬೆಸುಗೆ ಮಾತ್ರ ಬಾಕಿ. ಹೆಂಡತಿಗೆ ತೋರಿಸಲೆಂದು ಬೆಸುಗೆಯ ಚೂರು, ಬಿಳಿಗಾರದ ಪೊಟ್ಟಣದ ಸಮೇತ ಎಲ್ಲವನ್ನೂ ಮನೆಗೆ ತಂದೆ. ಸೀಮಂತಕ್ಕೆ ಇನ್ನು ಹತ್ತು ದಿನವಿತ್ತು, ನಡುವೆ ಒಂದು ಸೋಮವಾರವಿತ್ತು.

ಆ ಸೋಮವಾರ ಶಿವರಾತ್ರಿಯ ಮಾರನೆಯ ದಿನ, ಅಮಾವಾಸ್ಯೆ. ಅಜ್ಜಂಪುರಕ್ಕೆ ಹೋದರೆ ಅಕ್ಕಸಾಲಿಗರು ಮಡಿ ಪಂಚೆಯುಟ್ಟು ಜಗಲಿಯ ಮೇಲೆ ಕೂತಿದ್ದರು. ಒಳಗೆ ಸುತ್ತಿಗೆ, ಇಕ್ಕಳ, ಊದುಕೊಳವೆಗಳನ್ನು ತೊಳೆದು, ಕುಂಕುಮ ಇಟ್ಟು, ಹೂ ಮುಡಿಸಿದ್ದರು. ಅಮಾವಾಸ್ಯೆಯಂದು ಅವರು ಒಲೆ ಹಚ್ಚುವುದಿಲ್ಲ, ಹತಾರ ಮುಟ್ಟುವುದಿಲ್ಲ. ಅಲ್ಲಿಯವರೆಗೆ ಒಂದು ಅಮಾವಾಸ್ಯೆಯೂ ಸೋಮವಾರ ಬಿದ್ದಿರಲಿಲ್ಲವಾದ್ದರಿಂದ ನನಗೆ ಅದು ಗೊತ್ತಿರಲಿಲ್ಲ. ನನ್ನ ಎತ್ತಿನ ರಜವೂ ಅವರ ಸುತ್ತಿಗೆಯ ರಜವೂ ಒಂದೇ ದಿನ ಬಂದಿದ್ದವು.

‘ನಾಳೆ ಬನ್ನಿ,’ ಎಂದರು.

ನಾಳೆ ಎತ್ತು ಹೂಡಬೇಕಿತ್ತು. ಗುರುವಾರ ಸೀಮಂತ. ಮನೆಗೆ ಬಂದವನು ಇದೊಂದು ಬೆಸುಗೆಗೆ ಅಜ್ಜಂಪುರವೇ ಯಾಕೆ ಎಂದುಕೊಂಡೆ. ತೆಂಗಿನ ತೋಟವಿರುವ ನಮ್ಮ ಮನೆಯಲ್ಲಿ ಚಿಪ್ಪಿಗೇನು ಕೊರತೆ? ಹಿತ್ತಲಲ್ಲಿ ಚಿಪ್ಪು ಸುಟ್ಟು ಒಳ್ಳೆಯ ಇದ್ದಿಲು ಮಾಡಿದೆ. ಅಡುಗೆಮನೆಯ ಒಲೆ ಊದುವ ಕೊಳವೆ ತಂದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೊಳವೆಯ ಬಾಯಿ ಅಗಲ, ನನ್ನ ಕೆನ್ನೆಗೆ ನಾಲ್ಕು ತಿಂಗಳ ತರಬೇತಿ. ಚಿಪ್ಪಿನ ಇದ್ದಿಲು ಬಿಳಿ ಬಣ್ಣಕ್ಕೆ ತಿರುಗಿತು. ಉಂಗುರ ಒಮ್ಮೆ ನಡುಗಿದ ಹಾಗೆ ಕಂಡಿತು, ಮರುಕ್ಷಣ ಅಲ್ಲಿ ಉಂಗುರವಿರಲಿಲ್ಲ. ಒಂದು ಗುಂಡು ಇದ್ದಿಲಿನ ಸಂದಿಗೆ ಉರುಳಿ ಹೋಯಿತು. ಜಾಗರಣೆಯಿಂದ ನಿದ್ದೆ ಸಾಲದೆ ಹಾಗಾಯಿತು ಎಂದು ಆಗ ಹೇಳಿಕೊಂಡೆ. ಅದು ನಿಜವಲ್ಲ.

ಹೆಂಡತಿ ಇಕ್ಕಳದಿಂದ ಗುಂಡನ್ನು ಹೆಕ್ಕಿ, ನೀರಿಗೆ ಹಾಕಿ, ಅಂಗೈಯಲ್ಲಿಟ್ಟುಕೊಂಡು ನೋಡಿದಳು.

‘ಕಡಗ ಇದ್ದಿದ್ದು ಕಾಲುಂಗುರ ಆಯ್ತು, ಕಾಲುಂಗುರ ಕಡ್ಲೇಕಾಳಾಯ್ತು. ಇನ್ನೇನಾಗೋದೈತೋ ನಮ್ಮಜ್ಜಿ.’

ನಗುತ್ತಲೇ ಹೇಳಿದಳು. ಆದರೆ ಒಳಗೆ ಹೋಗುವಾಗ ಗುಂಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಹೋದಳು.

ಮಂಗಳವಾರ ಎತ್ತುಗಳನ್ನು ಅಣ್ಣನಿಗೆ ಒಪ್ಪಿಸಿ, ಗುಂಡನ್ನೂ ಮೂರು ಉಂಗುರವನ್ನೂ ಹಿಡಿದು ಅಜ್ಜಂಪುರಕ್ಕೆ ಓಡಿದೆ. ಅಕ್ಕಸಾಲಿಗರು ಗುಂಡನ್ನು ಬೆಳಕಿಗೆ ಹಿಡಿದು, ಚಿಪ್ಪಿನ ಇದ್ದಿಲೋ ಎಂದು ಕೇಳಿದರು. ಹೌದೆಂದೆ. ಅದು ಕರಗಿಸುವುದಕ್ಕೆ ಇರುವ ಇದ್ದಿಲು, ಕರಗಿಸಿಕೊಟ್ಟಿದೆ, ಅದರದೇನೂ ತಪ್ಪಿಲ್ಲ ಎಂದರು. ಬೆಳ್ಳಿ ಎಲ್ಲಿಗೂ ಓಡಿಹೋಗಿಲ್ಲ, ಮತ್ತೆ ತಂತಿ ಎಳೆದರಾಯಿತು ಎಂದೂ ಹೇಳಿದರು. ನಾನು ಹೊಸ ಉಂಗುರಕ್ಕೆಂದು ಅಳತೆಯ ನೂಲು ತೆಗೆದೆ. ಅವರು ನೂಲಿನ ಕಡೆ ನೋಡಿದರು.

‘ಇದು ಯಾವಾಗಿನ ಅಳತೆ ಗೌಡ್ರೇ?’

ರಾಗಿ ಕೊಯ್ಲಿಗೆ ಮುಂಚಿನದು, ಗುರುವಾರ ಹೆಂಡತಿಯ ಸೀಮಂತಕ್ಕೆ ಬೇಕು ಎಂದೆ.

‘ಈಗ ಅವರಿಗೆ ಎಷ್ಟು ತಿಂಗಳು?’

‘ಏಳು.’

‘ಕಾಲು ನೋಡಿದೀರಾ?’

ನೋಡಿರಲಿಲ್ಲ. ನಾಲ್ಕು ತಿಂಗಳು ಬೆಳ್ಳಿಯನ್ನೇ ನೋಡಿದ್ದೆ. ವಾಪಸು ನಡೆದು ಹೋಗಿ ನೋಡಿದರೆ ಪಾದ ಊದಿ ದುಂಡಗಾಗಿತ್ತು. ಹಳೆಯ ನೂಲಿನ ಎರಡು ತುದಿ ಕೂಡಲೇ ಇಲ್ಲ. ಹೇಳಬಾರದೇ ಎಂದರೆ, ಕೇಳಿದ್ದರೆ ಹೇಳುತ್ತಿದ್ದೆ ಎಂದಳು.

ಬುಧವಾರ ಬೆಳಗ್ಗೆ ಹೊಸ ಅಳತೆ ಕೊಟ್ಟಾಗ ಅಕ್ಕಸಾಲಿಗರು ಮೂರು ಉಂಗುರಗಳನ್ನೂ ನನ್ನ ಮುಂದೆ ಸಾಲಾಗಿ ಇಟ್ಟು, ಕೈಗೆ ಅರ ಕೊಟ್ಟರು. ಬಸುರಿ ಹೆಂಗಸಿಗೆ ಕೂಡಿಸಿದ ಉಂಗುರ ಹಾಕಬಾರದು, ತುದಿ ಬಿಟ್ಟಿರಬೇಕು, ಕಾಲು ಊದಿದಾಗ ಅಗಲಿಸಬಹುದು, ಹೆತ್ತ ಮೇಲೆ ಒತ್ತಬಹುದು. ಬಸುರಿಯದೆಂದು ನಾನು ಮೊದಲೇ ಹೇಳಿದ್ದರೆ ಈ ಮೂರು ಬೆಸುಗೆಯ ಅಗತ್ಯವೇ ಇರಲಿಲ್ಲ ಎಂದರು. ಆರು ಸೋಮವಾರ ಕೂಡಿಸಿದ್ದನ್ನು ಅರದ ಅಂಚಿನಿಂದ ನಾನೇ ಕೊಯ್ದೆ. ಮೂರಕ್ಕೂ ಸೇರಿ ಎಲೆಯಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತು ಹಿಡಿಯಿತು. ತುದಿಗಳನ್ನು ಸೀರೆಗೆ ಸಿಕ್ಕದಂತೆ ದುಂಡಗೆ ಉಜ್ಜಿದೆ. ಗುಂಡನ್ನು ಮತ್ತೆ ತಂತಿ ಮಾಡಿ ನಾಲ್ಕನೆಯದನ್ನು ಸುತ್ತಿದೆ. ಬಡಿಯುವಾಗ ಒಂದು ಸಲವೂ ಸೀಳಲಿಲ್ಲ. ಮಧ್ಯಾಹ್ನಕ್ಕೆಲ್ಲ ಕೆಲಸ ಮುಗಿದಿತ್ತು.

ಗುರುವಾರ ಚೌಳಹಿರಿಯೂರಿನವರ ಗಾಡಿ ಬಂತು. ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ ಬಳೆ ತೊಡಿಸಿದರು. ಬಾಮೈದ ನನ್ನ ಉಂಗುರಗಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ತುದಿಗಳು ಕೂಡದಿದ್ದದ್ದನ್ನು ಕಂಡು ಅವನ ಮುಖ ಅರಳಿತು.

‘ಅರ್ಧಕ್ಕೇ ಬಿಟ್ಟಿದೀರಲ್ಲ ಭಾವ. ನೊಗದ ಟೈಮ್ ಆಗೋಯ್ತೇನು?’

ಅಂಗಿಯ ಜೇಬಿನಿಂದ ತರೀಕೆರೆಯ ಪೊಟ್ಟಣ ತೆಗೆದು ತನ್ನ ಅವ್ವನ ಕೈಗಿಟ್ಟ. ಚೆನ್ನಾದ ಕೆಲಸ, ಹೂವಿನ ಕೆತ್ತನೆ ಇತ್ತು. ಅತ್ತೆ ಒಂದನ್ನು ಮಗಳ ಬೆರಳಿಗೆ ಹಾಕಲು ನೋಡಿದರು. ಗೆಣ್ಣಿನ ಹತ್ತಿರ ನಿಂತಿತು. ಕೊಬ್ಬರಿ ಎಣ್ಣೆ ಹಚ್ಚಿ ನೋಡಿದರು. ಹೆಂಡತಿ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಹೆಂಗಸರೆಲ್ಲ ಬಗ್ಗಿ ಸಲಹೆ ಕೊಟ್ಟರು. ಉಂಗುರ ಒಂದು ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ. ಅತ್ತೆ ಅದನ್ನು ಬಿಟ್ಟು ನಾನು ಮಾಡಿದ್ದನ್ನು ತೆಗೆದುಕೊಂಡು, ಸ್ವಲ್ಪ ಅಗಲಿಸಿ, ತೊಡಿಸಿ, ಒತ್ತಿದರು. ನಾಲ್ಕೂ ಕೂತವು. ಹೆಂಡತಿ ಎದ್ದು ಹಿರಿಯರಿಗೆ ನಮಸ್ಕಾರ ಮಾಡಲು ನಡೆದಾಗ ಚಪ್ಪಡಿ ನೆಲದ ಮೇಲೆ ಸಣ್ಣಗೆ ಸದ್ದಾಯಿತು. ಅಜ್ಜಿ ನಡೆದಂಗೇ ಕೇಳ್ತದೆ ಎಂದು ಅವಳು ತನ್ನ ಅವ್ವನಿಗೆ ಹೇಳಿದಳು.

ಊಟದ ಪಂಕ್ತಿಯಲ್ಲಿ ಬಾಮೈದ ನನ್ನ ಪಕ್ಕಕ್ಕೇ ಕೂತ. ಒಬ್ಬಟ್ಟು ಎರಡು ಸಲ ಹಾಕಿಸಿಕೊಂಡ. ಆಮೇಲೆ ತರೀಕೆರೆಯ ಪೊಟ್ಟಣವನ್ನು ನನ್ನ ಮೊಣಕಾಲಿನ ಹತ್ತಿರ ಸರಿಸಿದ.

‘ನಮ್ಮ ಮನೆಯವ್ಳಿಗೂ ನಾಕು ತಿಂಗಳು. ಇವನ್ನೂ ಸ್ವಲ್ಪ ಕೊಯ್ದು ಕೊಡ್ತೀರಾ ಭಾವ?’

ಅಳತೆ ತಗೊಂಡು ಸೋಮವಾರ ಬಾ ಎಂದೆ.