ಹೆಗಲಿನಿಂದ ಬಿದ್ದರೂ ಒಡೆಯದ ಮಡಕೆ

ನಮ್ಮಪ್ಪನ ಬಾಯಿ ಕೆಟ್ಟದ್ದು, ಕೈ ಅದಕ್ಕಿಂತ ಕೆಟ್ಟದ್ದು. ಸಿಟ್ಟು ಬಂದರೆ ಸಿಕ್ಕಿದ ಮಡಕೆ ಎತ್ತಿ ಎಸೆಯುವುದೇ. ಚಿಕ್ಕಬಾಣಾವರದ ನಮ್ಮ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡುವ ಹಾಗೇ ಇರಲಿಲ್ಲ, ಅಷ್ಟು ಬೋಕಿಚೂರು. ಆವಿಗೆಗೆ ಬೆಂಕಿ ಹಚ್ಚಿದ ದಿನ ಮಾತ್ರ ತೆಪ್ಪಗಿರುತ್ತಿದ್ದ. ಒಣಗಿದ ಮಡಕೆ ಒಟ್ಟಿ, ಸೌದೆ, ಹುಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿ ಸುಡುವ ಗುಡ್ಡೆಯೇ ನಮ್ಮ ಆವಿಗೆ. ಅದು ಉರಿಯುವಾಗ ಹತ್ತಿರ ಜಗಳವಾಡಬಾರದು, ಆಡಿದರೆ ಒಳಗಿನ ಮಡಕೆ ಸಿಡಿಯುತ್ತವೆ ಅನ್ನುವುದು ನಮ್ಮವರ ಕಟ್ಟಳೆ. ಅಮ್ಮ ಬದುಕಿದ್ದಾಗ ನೆಮ್ಮದಿಯಾಗಿ ತಲೆ ಬಾಚಿಕೊಳ್ಳುತ್ತಿದ್ದದ್ದು ಆ ದಿನಗಳಲ್ಲಿ ಮಾತ್ರ.

ಕಟ್ಟಳೆ ಮುರಿದವನು ಪಕ್ಕದ ಅಪಾರ್ಟ್‌ಮೆಂಟಿನವನು. ಹೊಗೆ, ಹೊಗೆ ಎಂದು ವರ್ಷಗಟ್ಟಲೆ ಕೂಗಾಡಿದವನು ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಉರಿಯುವ ಆವಿಗೆಗೆ ಪೈಪಿನಲ್ಲಿ ನೀರು ಬಿಟ್ಟ. ಒಳಗೆ ಕೆಂಪಗೆ ಕಾದಿದ್ದ ಮಡಕೆಗಳು ಒಂದರ ಹಿಂದೊಂದು ಸಿಡಿದವು. ಚೂರು, ಕೆಂಡ, ಬೂದಿ ಎಲ್ಲ ಮೇಲೆದ್ದವು. ಒಂದು ಚೂರು ಅಪ್ಪನ ಹುಬ್ಬು ಸೀಳಿತು. ರಕ್ತ ಸುರಿದರೂ ಪುಣ್ಯಾತ್ಮ ಬಾಯಿ ಬಿಡಲಿಲ್ಲ, ಬೆಂಕಿ ಇನ್ನೂ ಇತ್ತಲ್ಲ! ನನಗೆಲ್ಲಿಯ ತಾಳ್ಮೆ? ಕಾಂಪೌಂಡು ಹತ್ತಿ, ಪೈಪು ಕಿತ್ತುಕೊಂಡು, ಅದರಲ್ಲೇ ಅವನ ಬೆನ್ನಿಗೆ ಬಿಗಿದೆ. ಪೊಲೀಸರು ಬಂದರು. ಇಬ್ಬರಿಗೂ ಬೈದು, ಇನ್ನು ಇಲ್ಲಿ ಹೊಗೆ ಏಳಕೂಡದು ಎಂದು ಹೇಳಿ ಹೋದರು.

ಗಂಡ ಹೊಡೆದದ್ದಕ್ಕೆ ಎರಡರಷ್ಟು ಹಿಂದಿರುಗಿಸಿ ಮತ್ತಿಕೆರೆಯಿಂದ ತೌರಿಗೆ ಬಂದವಳು ನಾನು. ಮಣ್ಣು ಬಿಟ್ಟರೆ ನನಗೆ ಬೇರೆ ಗತಿಯಿರಲಿಲ್ಲ. ಮಡಕೆ ಸುಡುವ ಕರೆಂಟಿನ ಗೂಡು ತರಿಸಿದೆ, ಬೀರುವಿನಂಥ ಕಬ್ಬಿಣದ ಪೆಟ್ಟಿಗೆ. ಬಂದ ದಿನವೇ ಅಪ್ಪ ಅದಕ್ಕೆ ಮಡಕೆ ಎಸೆದ, ಬಾಗಿಲು ನೆಗ್ಗಿತು.

"ಬೆಂಕಿನೇ ಕಾಣಾಕಿಲ್ಲ, ಇದೂ ಒಂದು ಆವಿಗೇನಾ? ಇಡ್ಲಿ ಬೇಯ್ಸೋ ಡಬ್ಬ! ಇದ್ರಾಗೆ ಸುಡೋಳು ಕುಂಬಾರ್ತಿ ಅಲ್ಲ ಕಣೇ, ಅಡುಗೆಯೋಳು!"

ಗೂಡು ಉರಿಯುವಾಗ ಬೇಕೆಂದೇ ಎದುರು ನಿಂತು ಬೈಯುತ್ತಿದ್ದ. ಅಂದರೆ ಒಳಗಿರುವುದು ಬೆಂಕಿಯೆಂದೇ ಅವನು ಒಪ್ಪಿರಲಿಲ್ಲ. ಏಟಿಗೆ ನಾನು ಹೆದರಿದವಳಲ್ಲ, ಆದರೆ ಇದು ನನ್ನ ಹೊಟ್ಟೆ ಉರಿಸುತ್ತಿತ್ತು. ನನ್ನನ್ನು ಒಂದು ಸಲ ಕುಂಬಾರ್ತಿ ಅನ್ನಲಿ ಎಂದು ಒಳಗೊಳಗೇ ಸಾಯುತ್ತಿದ್ದೆ.

ಹೊಸ ಗೂಡಿನ ಮಡಕೆಗಳು ಗಟ್ಟಿಯಾಗಿದ್ದವು. ಬೆರಳಲ್ಲಿ ಬಾರಿಸಿದರೆ ಕಂಚಿನ ಹಾಗೆ ಠಣ್ ಅನ್ನುತ್ತಿದ್ದವು. ಬೀಗುತ್ತಿದ್ದೆ. ಆಗ ಹತ್ತಿರದ ಒಂದು ಮನೆಯವರು ಸಾವಿಗೆಂದು ಮಡಕೆ ಒಯ್ದರು. ಮಗ ನೀರಿನ ಮಡಕೆ ಹೆಗಲಿಗಿಟ್ಟು ಚಿತೆ ಸುತ್ತುತ್ತಾನೆ, ಹಿಂದಿನವರು ಅದಕ್ಕೆ ತೂತು ಹೊಡೆಯುತ್ತಾರೆ, ಕೊನೆಗೆ ಅವನು ತಿರುಗಿ ನೋಡದೆ ಅದನ್ನು ಹಿಂದಕ್ಕೆ ಬೀಳಿಸುತ್ತಾನೆ. ಅದು ಒಡೆದರೆ ಸತ್ತವರ ಋಣ ಹರಿದ ಹಾಗೆ. ನನ್ನ ಮಡಕೆ ಒಡೆಯಲಿಲ್ಲ. ತೂತು ಸಹ ಬೀಳದೆ ಕುಡುಗೋಲು ಜಾರಿ ಮಗನ ಕಿವಿ ಕುಯ್ದಿತಂತೆ. ಬಿದ್ದ ಮಡಕೆ ಉರುಳಿಕೊಂಡು ಹೋಗಿ ಚಿತೆಗೆ ತಾಗಿ ನಿಂತಿತಂತೆ.

ಸ್ಮಶಾನದಿಂದ ನೇರ ನಮ್ಮ ಅಂಗಳಕ್ಕೇ ಬಂದರು. ಮುಂದೆ ಆ ಮಗ, ಕಿವಿಗೆ ಟವೆಲು, ಕಂಕುಳಲ್ಲಿ ಮಡಕೆ.

"ಯಾವ ಜನ್ಮದ ಸೇಡಮ್ಮಾ ಇದು? ನಮ್ಮಪ್ಪ ಓಗ್ದೆ ಇಲ್ಲೇ ನಿಂತ್ಬಿಟ್ಟವ್ನೆ!" ಎಂದು ಅರಚಿದ.

ಹಿಂದಿದ್ದವರು ದೊಣ್ಣೆ ಬೀಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಕಣ್ಣಾರೆ ನೋಡಿದೆ. ಹಾಳಾದ ಮಡಕೆಗಳು ಒಂದೇಟಿಗೆ ಒಡೆಯಲೂ ಇಲ್ಲ. ಅದಕ್ಕೇ ಅವರ ರೋಷ ಇನ್ನೂ ಏರಿತು. ನಾನು ಮಡಕೆ ತಟ್ಟುವ ಹಲಗೆ ಹಿಡಿದು ಒಬ್ಬನ ಮೊಣಕೈಗೆ ಬಾರಿಸಿದೆ. ಇನ್ನೊಬ್ಬ ನನ್ನ ಜುಟ್ಟು ಹಿಡಿದು ಗೋಡೆಗೆ ಗುದ್ದಿದ. ಬಾಯಿ ತುಂಬ ರಕ್ತ. ಅಷ್ಟರಲ್ಲಿ ಯಾರೋ ಗೂಡಿನ ಕಡೆ ನುಗ್ಗಿದರು.

ಅಪ್ಪ ಹಾರೆ ಹಿಡಿದು ಒಳಗಿನಿಂದ ಬಂದ. ಮುಗೀತು, ಇವನೇ ಮೊದಲು ಗೂಡು ಒಡೆಯುತ್ತಾನೆ ಅಂದುಕೊಂಡೆ. ಅವನು ಗೂಡಿಗೆ ಬೆನ್ನು ಕೊಟ್ಟು ನಿಂತ.

"ಮಡ್ಕೆ ಒಡ್ಕಳಿ, ತಪ್ಪು ನಮ್ದೇ. ಆವಿಗೆ ಮುಟ್ಟುದ್ರೆ ಇವತ್ತು ಇನ್ನೊಂದು ಎಣ ಎತ್ಬೇಕಾಯ್ತದೆ."

ಯಾರೂ ಮುಂದೆ ಬರಲಿಲ್ಲ. ಅಪ್ಪ ಆ ಮಗನ ಕಂಕುಳಿನ ಮಡಕೆ ಕಿತ್ತು, ಚಪ್ಪಡಿ ಕಲ್ಲಿನ ಮೇಲಿಟ್ಟು, ಹಾರೆಯಿಂದ ಒಂದೇ ಏಟು ಹಾಕಿದ. ಚೂರು ನಮ್ಮೆಲ್ಲರ ಕಾಲಿಗೂ ಬಡಿಯಿತು.

"ಅರೀತು ನಿಮ್ಮಪ್ಪನ ಋಣ. ಓಗಪ್ಪ, ತಲೆಗೆ ನೀರು ಉಯ್ಕೋ."

ಮಗ ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತ. ಜನ ಅವನನ್ನು ಎಬ್ಬಿಸಿಕೊಂಡು ಹೋದರು. ಅವರು ಗೇಟು ದಾಟಿದ್ದೇ ಅಪ್ಪ ನನ್ನ ಕೆನ್ನೆಗೊಂದು ಬಿಟ್ಟ.

"ನೀರಿನ್ ಮಡ್ಕೇನೂ ಎಣದ್ ಮಡ್ಕೇನೂ ಒಂದೇ ಉರೀಲಿ ಸುಡ್ತಾರೇನೇ ಮುಂಡೇದೆ? ಎಣದ್ದನ್ನ ಆವಿಗೆ ಅಂಚಿನಾಗೆ ಇಡ್ತಿದ್ದೆ ನಾನು, ಅರ್ಧಂಬರ್ಧ ಬೇಯ್ಲಿ ಅಂತ!"

"ಇದನ್ನ ಮೊದ್ಲೇ ಹೇಳೋಕೆ ಏನ್ ರೋಗ ಬಂದಿತ್ತು ನಿಂಗೆ?" ರಕ್ತ ಉಗುಳಿ ನಾನೂ ಕಿರುಚಿದೆ. ಅಪ್ಪ ಟವೆಲು ಒದ್ದೆ ಮಾಡಿ ತಂದು ನನ್ನ ಕೈಗೆ ತುರುಕಿದ.

ಕರೆಂಟಿನ ಗೂಡಿಗೆ ಅಂಚೂ ಇಲ್ಲ, ನಡುವೂ ಇಲ್ಲ, ಎಲ್ಲ ಕಡೆ ಒಂದೇ ಶಾಖ. ಹಾಗಾಗಿ ಸಾವಿನ ಮಡಕೆಗಳನ್ನೇ ಬೇರೆಯಾಗಿ ಸುಟ್ಟು, ಅರೆಬೆಂದಾಗಲೇ ಗೂಡು ಆರಿಸಿ ನೋಡತೊಡಗಿದೆ. ತಣ್ಣಗಾದ ಮೇಲೆ ಅಪ್ಪ ಒಂದೊಂದನ್ನೇ ಹೆಗಲಿಗೇರಿಸಿ ಅಂಗಳದಲ್ಲಿ ಬೀಳಿಸುತ್ತಿದ್ದ. ಒಡೆಯದಿದ್ದರೆ ನನ್ನ ಏಳು ತಲೆಮಾರನ್ನೂ ಬೈಯುತ್ತಿದ್ದ. ಅವು ಅವನ ತಲೆಮಾರುಗಳೂ ಹೌದು ಅನ್ನುವ ಗ್ಯಾನವಿಲ್ಲ! ಕೊನೆಗೊಂದು ಫಳ್ ಎಂದು ಚೂರಾಯಿತು. ಅಪ್ಪ ಬೋಕಿ ಎತ್ತಿ, ಮುರಿದ ಅಂಚನ್ನು ನಾಲಿಗೆಗೆ ತಾಗಿಸಿ, ಅರೆಬೆಂದ ಮಣ್ಣಿನ ಹಾಗೆ ಅಂಟುತ್ತದೆಯೇ ಎಂದು ನೋಡಿ, "ಊಂ" ಅಂದ.

ಮುಂದಿನ ಸಲ ಗೂಡು ತುಂಬುವಾಗ ತಾನೇ ತಿರುಗಿಸಿದ ಒಂದು ಮಡಕೆ ತಂದ. ಅದರ ಕಂಠ ಸೊಟ್ಟಗಿತ್ತು.

"ಇದು ನಂದು. ನೀನೇ ಸುಡು, ನೀನೇ ಒರ್ಬೇಕು. ಎಣ್ಣೆಂಗ್ಸು ಒರಂಗಿಲ್ಲ ಅಂತ ಯಾವನಾದ್ರೂ ಅಡ್ಡ ಬಂದ್ರೆ ಅವನ ತಲೆ ಮೇಲೇ ಆಕು."

"ಥೂ, ಬಿಡ್ತು ಅನ್ನು! ಬಾಯಲ್ಲಿ ಒಳ್ಳೇದೇ ಬರಲ್ವಾ ನಿಂಗೆ?" ನನಗೆ ಅಳು ಒತ್ತಿ ಬಂತು, ಅದಕ್ಕೇ ಜೋರಾಗಿ ಕೂಗಿದೆ. ಕೂಗುತ್ತಲೇ ಅದನ್ನು ಒಳಗಿಟ್ಟು, ಬಾಗಿಲು ಹಾಕಿ, ಸ್ವಿಚ್ಚು ಒತ್ತಿದೆ. ಕೆಂಪು ದೀಪ ಹೊತ್ತಿತು. ಮುದಿಯ, ಪೀಡೆ, ಅಮ್ಮನನ್ನು ತಿಂದದ್ದು ಸಾಲದೆ ನನ್ನನ್ನೂ ತಿನ್ನುತ್ತೀಯಾ ಎಂದು ಬೈಯುತ್ತಲೇ ಇದ್ದೆ.

ಅಪ್ಪ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತುಟಿಗೆ ಬೆರಳಿಟ್ಟು, ಇನ್ನೊಂದು ಕೈಯಿಂದ ಆ ಕೆಂಪು ದೀಪ ತೋರಿಸಿದ.