ಕರಿಬಸಮ್ಮನ ಎಡ ಅಂಗೈ

ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯವಳು ಕರಿಬಸಮ್ಮ. ಕೊಬ್ಬರಿ ಒಡೆಯುವುದರಲ್ಲಿ ಅವಳಷ್ಟು ಗಟ್ಟಿಗಿತ್ತಿಯನ್ನು ನಾನು ಕಂಡಿಲ್ಲ. ಅಟ್ಟದಲ್ಲಿ ಒಣಗಲು ಇಟ್ಟ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗುಂಡು ಉರುಳಿದ ಸದ್ದು ಕೇಳಿದ ಮೇಲೇ ಕೆಳಗಿಳಿಸುವಳು. ಹೋದ ವರ್ಷ ಅದೇ ಅಟ್ಟದ ಏಣಿ ಜಾರಿ ಎಡಗೈ ಮಣಿಕಟ್ಟು ಮುರಿಯಿತು.

ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು. ನೋವು ಮಾತ್ರ ಬಿಡಲಿಲ್ಲ. ಸೆರಗು ಸೋಕಿದರೂ, ಒಂದು ತೊಟ್ಟು ನೀರು ಬಿದ್ದರೂ ಕೆಂಡ ಇಟ್ಟ ಹಾಗೆ ಕೂಗುತ್ತಿದ್ದಳು.

"ಎಕ್ಸ್‌ರೇಲಿ ಎಲ್ಲಾ ಸರಿಯಾಗದೆ. ಇನ್ನೂ ಏನೇ ನಿನ್ ರಾಗ?" ಎಂದರು ಅವಳ ಗಂಡ ಸದಾಶಿವಯ್ಯ.

"ಎಕ್ಸ್‌ರೇಗೆ ನೋವಿಲ್ಲ ಬುಡಿ. ನೋಯ್ತಿರೋದು ನನ್ ಕೈ."

ಅವಳ ಸಂಕಟ ಕೊಬ್ಬರಿಯದ್ದಲ್ಲ. ಕೊರಳ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಒಂದು ತುತ್ತು ತಿಂದವಳಲ್ಲ. ಈಗ ಲಿಂಗ ತಟ್ಟೆಯ ಮೇಲೆ ಕೂತಿತ್ತು.

"ತಟ್ಟೆಗೆ ಪೂಜೆ ಮಾಡ್ದಂಗಾಯ್ತದೆ ಶಕುಂತಲಾ. ಉಂಡಿದ್ದೂ ಮೈಗೆ ಹತ್ತಲ್ಲ" ಎಂದು ನನ್ನ ಹತ್ತಿರ ಗೋಳಾಡಿದಳು.

ಕೈಗೆ ಏನೂ ತಾಗದಿರಲಿ ಎಂದು ಹಗಲೆಲ್ಲ ಎದೆಯ ಮುಂದೆ ಎತ್ತಿ ಹಿಡಿದೇ ಓಡಾಡುವಳು. ಕೊನೆಗೆ ತುಮಕೂರಿನ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಅಲ್ಲಿ ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ಅಕ್ಷತಾ ಎಂಬ ಹುಡುಗಿ ಅವಳ ಕೈ ನೋಡಿ, "ಹಿಂಗೆ ಕಾಪಾಡಿ ಕಾಪಾಡೀನೇ ನೋವು ಜಾಸ್ತಿಯಾಗಿದೆ ಅಜ್ಜಿ" ಎಂದಳು.

"ಅಂದ್ರೆ ನೋವು ಸುಳ್ಳಾ?"

"ನಿಜಾನೇ. ಕೈ ಸುದ್ದಿ ಬೆನ್ನುಹುರಿ ಹಿಡ್ಕೊಂಡು ಮಿದುಳಿಗೆ ಹೋಗುತ್ತಲ್ಲ, ಮಿದುಳಿನ ಮೇಲ್ಪದರದಿಂದ ಕೆಳಕ್ಕೂ ಮಾತು ಬರುತ್ತೆ. 'ಇದನ್ನ ಜೋರಾಗಿ ಕಳಿಸು, ಅದನ್ನ ತಡಿ' ಅಂತ ಬೆನ್ನುಹುರಿಗೆ ಹೇಳುತ್ತೆ. ನಿಮ್ಮ ಮಿದುಳು ಹೆದರಿಕೊಂಡು, ಎಲ್ಲಾನೂ ಜೋರಾಗಿ ಕಳಿಸು ಅಂತಿದೆ. ದಿನಾ ಕಣ್ಣಿಟ್ಟು, ಮನಸ್ಸಿಟ್ಟು ಮುಟ್ಟಿ. ಮೊದಲು ಹತ್ತಿ, ಆಮೇಲೆ ಬಟ್ಟೆ. ಭಯ ಹೋದಂಗೆ ಆ ಮಾತೂ ಮೆತ್ತಗಾಗುತ್ತೆ."

"ಮಿದುಳಿಗೆ ಪಾಠನಾ? ನಮ್ಮೆಜಮಾನ್ರಿಗೆ ಹೇಳಿಕೊಡೋಕಿಂತ ಸುಲಭ ಬುಡವ್ವ!"

ಸುಲಭವಾಗಿರಲಿಲ್ಲ. ಅವಳು ಆ ಪಾಠವನ್ನು ಪೂಜೆಯ ಮಣೆಯ ಮೇಲೆಯೇ ಶುರುಮಾಡಿದಳು. ಲಿಂಗ ನೋಡುವ ಹಾಗೆಯೇ ಬರಿ ಅಂಗೈಯನ್ನು ರೆಪ್ಪೆ ಬಡಿಯದೆ ನೋಡುತ್ತಾ, ಹತ್ತಿಯಿಂದ ಸವರುವಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೈ ತಾನಾಗಿಯೇ ಹಿಂದಕ್ಕೆ ಹೋಗುತ್ತಿತ್ತು. ಮತ್ತೆ ಚಾಚುವಳು. ನಾನಾಗಿದ್ದರೆ ಎದ್ದು ಹೋಗುತ್ತಿದ್ದೆ. ಹತ್ತಿಯಾದ ಮೇಲೆ ಬಟ್ಟೆ, ವಿಭೂತಿ ಪುಡಿ, ಆಮೇಲೆ ಬಿಲ್ವಪತ್ರೆ. ಪತ್ರೆಯ ತೊಟ್ಟು ಚುಚ್ಚಿದ ದಿನ ಪಾಠ ಮೊದಲಿಂದ ಶುರುವಾಯಿತು. ಚಳಿ ಕಳೆದು ಬಿಸಿಲು ಬಂತು. ಒಂದು ದಿನವೂ ಬಿಡಲಿಲ್ಲ.

ಮೊನ್ನೆ ಸೋಮವಾರ ಬೆಳಿಗ್ಗೆ ಗೋಡೆಯಾಚೆಯಿಂದ ಕೂಗಿದಳು. ಹೋಗಿ ನೋಡಿದರೆ ಎಡ ಅಂಗೈ ಮೇಲೆ ಲಿಂಗ! ಬಾಗಿಲಲ್ಲಿ ನಿಂತಿದ್ದ ಸದಾಶಿವಯ್ಯನವರು ನೀರಿನ ಚೊಂಬನ್ನು ಅವಳ ಬಲಗಡೆ ತಂದಿಟ್ಟರು. ಅವಳು ಬಲಗೈಯಲ್ಲಿ ಉದ್ಧರಣೆ ತೆಗೆದುಕೊಂಡು ಲಿಂಗದ ಮೇಲೆ ನೀರು ಬಿಟ್ಟಳು. ನೀರು ಅಂಗೈ ತುಂಬಿ ಬೆರಳ ಸಂದಿಯಿಂದ ಇಳಿಯಿತು.

ಅಂಗೈ ನೋಡುತ್ತಲೇ ಮೆಲ್ಲಗೆ ಹೇಳಿದಳು:

"ತಣ್ಣಗದೆ ಕಣೇ ಶಕುಂತಲಾ."